ದಳವಾಯಿ ಪಾರ್ಟು

ಅರಳಗುಪ್ಪೆ, ಭಾನುವಾರ

ಮಹಾಜನಗಳೇ, ಕಲಾಭಿಮಾನಿಗಳೇ! ಸದ್ದು ಮಾಡದೆ ಕೇಳಿ!

ತಪ್ಪಾಯ್ತು ಖಾಸಿಂ ಸಾಬ್ರೇ, ನಾಟಕದಲ್ಲಿ ಕೂಗೋ ಹಾಗೆ ಕೂಗದಿದ್ದರೆ ನನ್ನ ಬಾಯೇ ತೆರೆಯೋದಿಲ್ಲ. ಫೋನ್ ಮಾಡಿದರೆ ನಟನೆ ಮಾಡಿಬಿಡ್ತೀನಿ, ಅದಕ್ಕೇ ಪತ್ರ.

ನಮ್ಮ ಮೇಷ್ಟ್ರು ಕಲಿಸಿದ, ಕನ್ನಡಕ್ಕೆ ತಂದ ಆ ಇಂಗ್ಲಿಷ್ ನಾಟಕದಲ್ಲಿ, ದೊರೆಯನ್ನು ಕೊಂದು ಪಟ್ಟವೇರುವ ದಳವಾಯಿಯ ಪಾರ್ಟು ನಿಮ್ಮದಿತ್ತು. ಪರದೆ ಮರೆಯಲ್ಲಿ ನಿಂತು ಮಾತು ಎತ್ತಿಕೊಡುವ ಪ್ರಾಂಪ್ಟರ್ ನಾನು. ನಿಮ್ಮ ಪಾರ್ಟಿನ ಮೇಲೆ ನನಗೆ ಕಣ್ಣಿತ್ತು. ಪ್ರಾಕ್ಟೀಸಿನಲ್ಲಿ, ಕೊಲೆಗೆ ಮುಂಚೆಯೇ, ಕಡೇ ಸೀನಿನ ಪಶ್ಚಾತ್ತಾಪದ ಮಾತನ್ನು ಬೇಕೆಂದೇ ಎತ್ತಿಕೊಟ್ಟೆ. ನನ್ನನ್ನು ನಂಬಿ ನೀವು ಗೋಳಾಡಿಬಿಟ್ಟಿರಿ.

"ಸಾಬ್ರೇ, ದೊರೆ ಇನ್ನೂ ಊಟ ಮಾಡ್ತಾವ್ನೆ ಕಣ್ರೀ!" ಅಂತ ಎಲ್ಲರೂ ನಕ್ಕರು. ನಿಮಗೆ ವಯಸ್ಸಾಯ್ತು, ಮರೆವು ಬಂತೆಂದು ಮೇಷ್ಟ್ರು ಪಾರ್ಟನ್ನು ನನಗೆ ಕೊಟ್ಟರು. ನೀವೋ, ನಿಮ್ಮ ಟೈಲರ್ ಅಂಗಡಿಯಲ್ಲೇ ದಳವಾಯಿಯ ನಿಲುವಂಗಿಯನ್ನು ನನ್ನ ಮೈಗೆ ಬಿಗಿ ಮಾಡಿಕೊಟ್ಟಿರಿ.

ನಿನ್ನೆ ರಾತ್ರಿ ಆಟದ ಕಡೇ ಸೀನಿನಲ್ಲಿ ನನಗೆ ಅದೇ ಪಶ್ಚಾತ್ತಾಪದ ಮಾತು ಮರೆತುಹೋಯ್ತು. ನನ್ನ ಹಳೇ ಜಾಗದಲ್ಲಿ ನಿಂತಿದ್ದ ನೀವು ಒಂದಕ್ಷರ ತಪ್ಪದೆ ಎತ್ತಿಕೊಟ್ಟಿರಿ. ಅದನ್ನು ಹೇಳಿ ದಳವಾಯಿಯಾಗಿ ಸತ್ತು ಬಿದ್ದೆ. ಜನ "ಒನ್ಸ್ ಮೋರ್!" ಅಂತ ಅಬ್ಬರಿಸಿದರು.

"ಏಳು ದುರ್ಗಯ್ಯ, ಇನ್ನೊಂದ್ಸಲ ಸಾಯಿ. ಚೆನ್ನಾಗ್ ಸತ್ತೆ ಕಣಪ್ಪ" ಅಂತ ನೀವು ಪಿಸುಗುಟ್ಟಿದಿರಿ.

ನನಗೆ ಏಳಲಾಗಲಿಲ್ಲ, ಸಾಬ್ರೇ. ಕೊನೆಗೆ ಪರದೆ ಎಳೆದರು.

ಬರುವ ಶನಿವಾರ ತುರುವೇಕೆರೆಯಲ್ಲಿ ಮತ್ತೆ ಆಟವಿದೆ. ದಯಮಾಡಿ ನಿಲುವಂಗಿಯ ಹೊಲಿಗೆ ಬಿಚ್ಚಿ ನಿಮ್ಮ ಅಳತೆಗೆ ಮಾಡಿಕೊಳ್ಳಿ. ನಾಳೆ ಬೆಳಿಗ್ಗೆ ಮೇಷ್ಟ್ರ ಜಗುಲಿಯಲ್ಲಿ ಎಲ್ಲರೂ ಸೇರಿದಾಗ ನಡೆದದ್ದನ್ನೆಲ್ಲ ಹೇಳುತ್ತೇನೆ, ಯಾರೂ ಎತ್ತಿಕೊಡದೆ.

ಇಂತಿ,
ದುರ್ಗಯ್ಯ