ಬೀರುವಿನ ಹಿಂದಿರುವ ಕನ್ನಡಿಯ ಬಗ್ಗೆ

ಆಸ್ಪತ್ರೆಯ ಪುನಶ್ಚೇತನ ವಿಭಾಗದ ಮಾನ್ಯ ಮುಖ್ಯಸ್ಥರೇ,

ತಮ್ಮ ವ್ಯಾಯಾಮ ಕೋಣೆಯ ಗೋಡೆಗಾತ್ರದ ಕನ್ನಡಿಗೆ ಅಡ್ಡವಾಗಿ ನಿಲ್ಲಿಸಿರುವ ಕಬ್ಬಿಣದ ಬೀರುವನ್ನು ದಯವಿಟ್ಟು ಸರಿಸಬೇಕು. ಬಾಯಲ್ಲಿ ಹೇಳಿದ್ದು ತಮ್ಮ ಕಚೇರಿಗೆ ಕೇಳಿಸಲಿಲ್ಲ. ಆದ್ದರಿಂದ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ನನ್ನ ಮಗಳಿಗೆ ಹದಿಮೂರು. ಬೆನ್ನುಮೂಳೆ ತುಸು ಪಕ್ಕಕ್ಕೆ ವಾಲಿದೆ, ಸ್ಕೋಲಿಯೋಸಿಸ್ ಅಂತೆ. ಇನ್ನೂ ಆರಂಭ, ಬೆಳೆಯುವ ವಯಸ್ಸಿನಲ್ಲೇ ವ್ಯಾಯಾಮ ಮಾಡಿಸಿದರೆ ಬಾಗು ಹೆಚ್ಚದಂತೆ ತಡೆಯಬಹುದು, ಬಿಟ್ಟರೆ ಶಸ್ತ್ರಚಿಕಿತ್ಸೆಯವರೆಗೂ ಹೋದೀತು ಎಂದು ತಮ್ಮ ವೈದ್ಯರೇ ಹೇಳಿದರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬುದು ಗಾದೆ. ನಮ್ಮ ಗಿಡ ಯಾರೂ ಹೇಳದೆಯೇ ಬಗ್ಗಿದೆ ಸ್ವಾಮಿ. ಮರವಾಗುವ ಮುಂಚೆ ನೆಟ್ಟಗೆ ನಿಲ್ಲಿಸೋಣವೆಂದು ಓಡಿ ಬಂದೆವು.

ಈ ವ್ಯಾಯಾಮಕ್ಕೆ ಕನ್ನಡಿ ಬೇಕೇಬೇಕು. ಏಕೆಂದರೆ ಡೊಂಕಾಗಿ ನಿಂತವರಿಗೆ ತಾವು ನೆಟ್ಟಗಿದ್ದೇವೆಂದೇ ಅನಿಸುತ್ತದೆಯಂತೆ. ಕಚೇರಿಗಳಿಗೂ ಈ ಲಕ್ಷಣ ಉಂಟೇ? ಬೀರು ಅಲ್ಲೇಕೆ ಎಂದು ಕೇಳಿದರೆ ತಮ್ಮ ಸಹಾಯಕರು, "ಹೊಸಾ ಕನ್ನಡಿ ಸಾರ್, ಮಕ್ಕಳು ಒಡೆದುಬಿಟ್ರೆ? ಅದಕ್ಕೇ ರಕ್ಷಣೆ" ಎಂದರು. ಆಹಾ! ಒದ್ದೆಯಾದೀತೆಂದು ಮಳೆಗಾಲದಲ್ಲಿ ಕೊಡೆಯನ್ನು ಮನೆಯಲ್ಲೇ ಬಿಟ್ಟುಹೋಗುವ ವಂಶದವರು!

ಹೀಗಾಗಿ ಈಗ ಚಿಕಿತ್ಸೆ ನಮ್ಮ ಬೀದಿಯ ಕ್ಷೌರದಂಗಡಿಯಲ್ಲಿ. ತಮ್ಮ ಫಿಸಿಯೋಥೆರಪಿ ಮೇಡಂ, ಪುಣ್ಯಾತ್ಗಿತ್ತಿ, ಡ್ಯೂಟಿ ಮುಗಿಸಿ ಅಲ್ಲಿಗೇ ಬರುತ್ತಾರೆ. "ಬಲ ಪಕ್ಕೆಗೆ ಉಸಿರು ತುಂಬ್ಕೋ ಪುಟ್ಟಿ, ಹಾಗೇ ಹಿಡ್ಕೋ" ಎಂದರೆ, ಮುಖಕ್ಕೆ ನೊರೆ ಬಳಿಸಿಕೊಂಡ ಗಿರಾಕಿಯೂ ಎದೆಯುಬ್ಬಿಸಿ ಉಸಿರು ಹಿಡಿಯುತ್ತಾನೆ.

"ಅಣ್ಣಾ, ನೀವು ಬಿಡಿ! ಕತ್ತಿ ಕತ್ತಿನ ಮೇಲಿದೆ!" ಎಂದು ಕ್ಷೌರಿಕ ಕಿರುಚುತ್ತಾನೆ.

ಮೊಮ್ಮಗಳ ಜೊತೆಗೆ ಬರುವ ನಮ್ಮಮ್ಮ ತಿರುಗುವ ಕುರ್ಚಿ ಬಿಟ್ಟು ಏಳುವುದಿಲ್ಲ. "ನಾನೂ ನೆಟ್ಟಗಾದೆ ನೋಡೇ!"

"ಅಜ್ಜೀ, ನೀನು ಕನ್ನಡಿಗೆ ಬೆನ್ನು ತೋರಿಸ್ತಿದ್ದೀಯ. ಥೇಟ್ ಆಸ್ಪತ್ರೆಯವರ ಥರ!"

ಆದರೆ ಆ ಕನ್ನಡಿಯಲ್ಲಿ ಸೊಂಟದ ಕೆಳಗೆ ಕಾಣದು. ಸೊಂಟ ಎತ್ತ ಜಾರಿದೆಯೋ ನೋಡಲು ಮೊನ್ನೆ ಮಗಳು ಬೆಂಚು ಹತ್ತಿದಳು. ಸೊಂಟ ಬಂತು, ತಲೆ ಮಾಯವಾಯಿತು. ಅಂಗಡಿಗೆ ಅಂಗಡಿಯೇ ನಕ್ಕಿತು. ಅವಳೂ ನಗುತ್ತಲೇ ಕೇಳಿದಳು: "ಅಪ್ಪಾ, ನನ್ನನ್ನ ನಾನು ಪೂರ್ತಿ ನೋಡ್ಕೊಳ್ಳೋದು ಯಾವಾಗ?"

ನಗದೆ ಉಳಿದವನು ನಾನೊಬ್ಬನೇ.

ಉತ್ತರ ತಮ್ಮ ಬೀರುವಿನ ಹಿಂದಿದೆ. ಈ ವಾರವೇ ಸರಿಸಿ. ಕೈ ಸಾಲದಿದ್ದರೆ ಹೇಳಿಕಳುಹಿಸಿ. ಕ್ಷೌರಿಕ, ಗಿರಾಕಿಗಳು, ಅರ್ಧ ಬೋಳಿಸಿದ ಗಡ್ಡಗಳ ಸಮೇತ ಬಂದು ತಳ್ಳಿಕೊಡುತ್ತೇವೆ. ಬೀರು ಎಷ್ಟು ವರ್ಷ ಬೇಕಾದರೂ ಕಾದೀತು. ಬೆಳೆಯುವ ಬೆನ್ನು ಕಾಯದು.

ಇಂತಿ,
ತಮ್ಮ ಬೀರುವಿನ ಮುಂದೆ ನಿಂತು ತಲೆ ಬಾಚಿಕೊಳ್ಳಲು ಯತ್ನಿಸಿದ
ಒಬ್ಬ ಅಪ್ಪ