ಆರಾಮ ಎಂಬ ಉತ್ತರ

ಬೆಟಗೇರಿ
ಕಾವುದಿಂಗಳು 47, 2168

ಹಿಂದಿನವರೇ,

ಈ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ಏಪ್ರಿಲ್, ಮೇ ಎರಡನ್ನೂ ಕೂಡಿಸಿ ನಾವು ಕಾವುದಿಂಗಳು ಅನ್ನುತ್ತೇವೆ. ಅದಕ್ಕೆ ಅರವತ್ತೊಂದು ದಿನ. ಇಂಥ ಮಾತುಗಳು ಇನ್ನೂ ಕೆಲವು ಬರುತ್ತವೆ. ಕಿವಿಗೆ ಒರಟಾಗಿ ಕೇಳಿಸಿದರೆ ಕ್ಷಮಿಸಿ. ದಣಿದಿದ್ದೇನೆ, ಇದಕ್ಕಿಂತ ನಯವಾಗಿ ಬರೆಯಲು ಆಗುತ್ತಿಲ್ಲ.

ಕಾವುದಿಂಗಳಲ್ಲಿ ಶಾಲೆ ಬೆಳಿಗ್ಗೆ ಐದಕ್ಕೆ ಶುರುವಾಗಿ ಒಂಬತ್ತಕ್ಕೆ ಬಿಡುತ್ತದೆ. ಆಮೇಲೆ ಸಂಜೆ ಐದರವರೆಗೆ ಬೀದಿಯಲ್ಲಿ ಯಾರೂ ನಡೆಯುವುದಿಲ್ಲ. ಆ ಎಂಟು ತಾಸು ಮಕ್ಕಳು ಮುಚ್ಚಿದ ಕಿಟಕಿಗಳ ಹಿಂದೆ, ತಮ್ಮ ತಲೆಯೊಳಗಿನ ಸದ್ದಿನ ಜೊತೆ ಉಳಿಯಬೇಕು. ಎಷ್ಟೋ ಮಕ್ಕಳಿಗೆ ಅದು ಆಗುವುದಿಲ್ಲ. ಅದಕ್ಕೇ ಶಾಲೆಯ ಹಾದಿಯಲ್ಲಿ ಊರಿಗೊಂದು ಕೇಳುಮನೆ ಕಟ್ಟಿದರು. ದಪ್ಪ ಮಣ್ಣಿನ ಗೋಡೆ, ನಾಲ್ಕು ಚಾಪೆ, ಒಂದು ಹರವಿ ತಣ್ಣೀರು, ಅವಸರವಿಲ್ಲದ ಒಬ್ಬ ಮನುಷ್ಯ. ಹದಿಹರೆಯದವರು ಅಲ್ಲಿ ಮಾತಾಡಬಹುದು, ಅಳಬಹುದು, ಗೋಡೆ ಕಡೆ ಮುಖ ಮಾಡಿ ಸುಮ್ಮನೆ ಮಲಗಬಹುದು.

ನಾನು ಕೇಳುಮನೆ ಮಂಡಳಿಯ ಪ್ರಶ್ನೆಗಾರ್ತಿ. ವಾರಕ್ಕೊಮ್ಮೆ ಶಾಲೆ ಬಿಡುವಾಗ ಪ್ರತಿ ಮಗುವೂ ಬಾಗಿಲ ಬಳಿಯ ಹಲಗೆಯ ಮೇಲೆ ಒಂದು ಪ್ರಶ್ನೆಗೆ ಉತ್ತರ ಒತ್ತಿ ಹೋಗುತ್ತದೆ. ಆ ಪ್ರಶ್ನೆ ಬರೆದವಳು ನಾನು. 'ನಿನ್ನ ಮಾನಸಿಕ ಸ್ಥಿತಿ ಹೇಗಿದೆ' ಎಂಬ ಹಳೆಯ ಸರ್ಕಾರಿ ಸಾಲನ್ನು ಹೊಡೆದುಹಾಕಿ, 'ಆರಾಮ ಇದ್ದೀಯಾ?' ಎಂದು ಬರೆದಿದ್ದೆ. ಮನೆಮಾತು, ಕವಿತೆಯ ಸಾಲಿನಷ್ಟು ಸರಳ ಎಂದು ನನಗೇ ಹೆಮ್ಮೆ. ಆರು ವರ್ಷ ನೂರರಲ್ಲಿ ತೊಂಬತ್ತಾರು ಮಕ್ಕಳು ಆರಾಮ ಅಂದರು. ಆರಾಮ ಇರುವವರಿಗೆ ಕೇಳುಮನೆ ಏಕೆ ಎಂದು ಮಂಡಳಿ ಕೇಳಿತು. ಬೆಟಗೇರಿಯದನ್ನು ಮುಚ್ಚುವುದೆಂದು ತೀರ್ಮಾನವಾಯಿತು.

ತೀರ್ಮಾನಕ್ಕೆ ಎಳೆಪಂಚರ ಸಹಿ ಬೇಕು. ಹದಿಮೂರರಿಂದ ಹತ್ತೊಂಬತ್ತು ವಯಸ್ಸಿನ ಐವರು ಅವರು. ಅವರ ಒಪ್ಪಿಗೆಯಿಲ್ಲದೆ ಏನೂ ಆಗಕೂಡದು ಎಂದು ಕಾನೂನಿದೆ. ಅವರನ್ನು ಯಾವಾಗ ಕರೆಯಬೇಕೆಂದು ಕಾನೂನು ಹೇಳುವುದಿಲ್ಲ. ಹಾಗಾಗಿ ಯಾವಾಗಲೂ ಕೊನೆಗೆ ಕರೆಯುತ್ತೇವೆ, ಕಾಗದ ಸಿದ್ಧವಾದ ಮೇಲೆ, ಚಹಾದ ಹೊತ್ತಿಗೆ. ಈ ತಿಂಗಳ ಹನ್ನೆರಡರಂದೂ ಹಾಗೇ ಕರೆದೆವು.

ಅವರಲ್ಲಿ ಹದಿನಾರರ ನೀಲಗಂಗಾ ಪೆನ್ನು ಹಿಡಿದವಳು ಬರೆಯದೆ ನನ್ನ ಕಡೆ ತಿರುಗಿದಳು.

"ಅಕ್ಕಾರ, ಈ ಪ್ರಶ್ನಿ ಯಾರು ಬರದಾರ್ರೀ?"

"ನಾನ ಬರದೀನವ್ವ."

"ಸಿಟ್ಟಾಗಬ್ಯಾಡ್ರಿ ಮತ್ತ. ಹಾದ್ಯಾಗ ಎದುರು ಬಂದವರು ಆರಾಮ ಅದಿಯೇನ ಅಂದ್ರ, ಇಲ್ಲ ಅಂತ ಯಾರರ ಅಂತಾರೇನ್ರೀ? ನಮ್ಮಜ್ಜಿ ದವಾಖಾನ್ಯಾಗ ಮೂಗಿಗೆ ನಳಿಗಿ ಹಾಕಿಸ್ಕೊಂಡು ಮಲಗಿದ್ಲು. ಬಂದವರಿಗೆಲ್ಲ ಆರಾಮ ಅಂತಿದ್ಲು."

ಪಕ್ಕದಲ್ಲಿದ್ದ ಮೌಲಾಬಿ ನಕ್ಕಳು. "ನಾನೂ ಆರು ವರ್ಷ ಆರಾಮ ಅಂತನ ಒತ್ತೀನ್ರಿ. ಒತ್ತಿ, ಸೀದಾ ಕೇಳುಮನಿಗೆ ಹೋಗಿ ಅಳತಿದ್ದೆ."

ಅಧ್ಯಕ್ಷರಾದ ಅಂದಾನೆಪ್ಪನವರು, ಮಕ್ಕಳು ಅಲ್ಲಿಗೆ ಹೋಗುವುದು ತಣ್ಣೀರಿಗೆ ಎಂದರು. "ಸಹಿ ಮಾಡ್ರಿ ತಂಗೀ, ಚಾ ಆರಾಕತ್ತೈತಿ."

"ಆರಲಿ ಬಿಡ್ರಿ," ಎಂದಳು ಮೌಲಾಬಿ. "ಈ ಕಾವಿನ್ಯಾಗ ಎಷ್ಟಂತ ಆರತೈತಿ."

ಯಾರೂ ಸಹಿ ಹಾಕಲಿಲ್ಲ. ಆದರೆ ಮೂವತ್ತು ದಿನ ಸಹಿ ಬಾರದಿದ್ದರೆ ಒಪ್ಪಿಗೆಯೆಂದೇ ತಿಳಿಯುವ ಇನ್ನೊಂದು ನಿಯಮವಿದೆ. ಅದನ್ನು ತಡೆಯುವ ದಾರಿ ಒಂದೇ: ನನ್ನ ಆರು ವರ್ಷದ ವರದಿಯೆಲ್ಲ ತಪ್ಪು ಎಂದು ನಾನೇ ಬರೆದುಕೊಡುವುದು. ಬರೆದುಕೊಟ್ಟವರು ಹೊಸ ವರದಿ ಬಂದ ಮೇಲೆ ಹುದ್ದೆಯಲ್ಲಿ ಉಳಿಯುವಂತಿಲ್ಲ.

ನಾಲ್ಕು ದಿನ ಯೋಚಿಸಿದೆ. ನಾಚಿಕೆಯ ಮಾತು, ಆದರೂ ಹೇಳುತ್ತೇನೆ: ಎರಡನೆಯ ವರ್ಷವೇ ನನಗೆ ಅನುಮಾನ ಬಂದಿತ್ತು. ತೊಂಬತ್ತಾರು ಬಹಳ ಚೆಂದದ ಸಂಖ್ಯೆ, ಅದನ್ನು ಕೆದಕಲು ಮನಸ್ಸಾಗಲಿಲ್ಲ. ಐದನೆಯ ದಿನ ಕೈಬರಹದಲ್ಲೇ ಬರೆದುಕೊಟ್ಟೆ.

ಹೊಸ ಪ್ರಶ್ನೆಯನ್ನು ಎಳೆಪಂಚರೇ ಬರೆದರು. ಮೂರು ವಾರ ಜಗಳವಾಡಿದರು. ನಾನು ಚಾಪೆಯ ತುದಿಯಲ್ಲಿ ಕೂತು ಕಾಗುಣಿತ ಮಾತ್ರ ತಿದ್ದಿದೆ. ಕೊನೆಗೆ ಉಳಿದದ್ದು ಇದು: 'ಈ ವಾರ ಯಾರಿಗಾದರೂ ಹೇಳಬೇಕೆಂದುಕೊಂಡು ಹೇಳದೆ ಬಿಟ್ಟದ್ದು ಇದೆಯೇ?'

ನಿನ್ನೆ ಉತ್ತರಗಳು ಬಂದವು. ನೂರರಲ್ಲಿ ಐವತ್ತೆಂಟು ಮಕ್ಕಳು ಇದೆ ಎಂದಿದ್ದಾರೆ. ಅಂದಾನೆಪ್ಪನವರು ಕಾಗದವನ್ನು ಎರಡು ಸಲ ಓದಿ ಕನ್ನಡಕ ತೆಗೆದರು. "ಇಷ್ಟು ಮಂದಿಗೆ ಒಂದು ಕೇಳುಮನಿ ಎಲ್ಲಿ ಸಾಲತೈತಿ?" ಎಂದರು. ಮುಚ್ಚುವ ಕಾಗದವನ್ನು ಅವರೇ ಹರಿದರು.

ನಾಳೆ ನನ್ನ ಕೊನೆಯ ದಿನ. ಹೊರಡುವ ಮೊದಲು ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಕಾಲದಲ್ಲೂ ಮಕ್ಕಳ ಮನಸ್ಸಿನ ಬಗ್ಗೆ ಸಭೆ ಸೇರುತ್ತೀರಿ, ಒಳ್ಳೆಯ ಉದ್ದೇಶದಿಂದಲೇ ಸೇರುತ್ತೀರಿ, ನಾವೂ ಹಾಗೇ ಸೇರಿದ್ದೆವು. ಹಾಳೆ ಇನ್ನೂ ಖಾಲಿಯಿರುವಾಗಲೇ ಅವರನ್ನು ಕರೆಯಿರಿ. ಮೊದಲ ಸಾಲನ್ನು ಅವರು ಬರೆಯಲಿ. ಆ ಆರು ವರ್ಷಗಳಲ್ಲಿ ಆರಾಮ ಎಂದು ಒತ್ತಿ, ಯಾವ ಕೇಳುಮನೆಗೂ ಹೋಗದೆ ನೇರ ಮನೆಗೆ ನಡೆದವರು ಎಷ್ಟು ಮಂದಿಯೋ ನನಗೆ ಗೊತ್ತಿಲ್ಲ. ಉತ್ತರದ ಜೊತೆ ಹೆಸರಿರಲಿಲ್ಲ, ಅವರನ್ನು ಇನ್ನು ಕೇಳಲೂ ಆಗುವುದಿಲ್ಲ.

ನಿಮ್ಮ,
ರತ್ನಮಾಲಾ ಕವಳಿಕಾಯಿ