ಕರೆಂಟ್ ಹೋದ ಸುದ್ದಿ

15 ಮಾರ್ಚ್ 2005, ಮಂಗಳವಾರ, ಮೂಡುಬಿದಿರೆ

ಕಾಲೇಜು ಗ್ರಂಥಾಲಯದ ಯುಪಿಎಸ್‌ಗೆ ಇವತ್ತು ನೆಟ್‌ವರ್ಕ್ ಜೋಡಿಸಿದರು. ಇನ್ನು ಕರೆಂಟ್ ಹೋದ ಹತ್ತು ನಿಮಿಷಕ್ಕೆ ಸರ್ವರ್ ತಾನಾಗಿಯೇ ಬಂದ್ ಆಗುತ್ತದೆ. ಮೊದಲು ಆ ಕೆಲಸ ನನ್ನದು ಮತ್ತು ಇಲ್ಲೇ ನನ್ನ ಜೊತೆ ಕೆಲಸಕ್ಕಿದ್ದ ರಾಫಿಯಾಳದ್ದು. ಓಡಿಹೋಗಿ ಬಂದ್ ಮಾಡಿ, ಕರೆಂಟ್ ಬರುವವರೆಗೆ ಕಿಟಕಿಯ ಬಳಿ ಕೂತು ಒಬ್ಬರಿಗೊಬ್ಬರು ಪದ್ಯ ಓದುತ್ತಿದ್ದೆವು. ಅವಳು ಗಂಡನಿರುವ ಶಾರ್ಜಾಕ್ಕೆ ಹೋಗಿ ಎರಡು ವರ್ಷವಾಯಿತು. ಈಗ ಹಬ್ಬಕ್ಕೊಂದು ಪತ್ರ, ಅಷ್ಟೇ.

"ಕರೆಂಟ್ ಹೋದರೆ ಯಾರಿಗೆಲ್ಲ ಇ-ಮೇಲ್ ಹೋಗಬೇಕು ಮೇಡಂ?" ಬಿ.ಸಿ.ರೋಡಿನಿಂದ ಬಂದಿದ್ದ ಮೆಕ್ಯಾನಿಕ್ ಶೋಧನ್ ಕೇಳಿದ. ನನ್ನ ವಿಳಾಸದ ಕೆಳಗೆ ಅವಳದ್ದನ್ನೂ ಹೇಳಿದೆ.

"ರಾಫಿಯಾ ಮೇಡಮಾ? ಅವರಿಗೆ ಶಾರ್ಜಾದಿಂದ ಓಡಿ ಬರ್ಲಿಕ್ಕುಂಟಾ?"

"ಇರಲಿ ಮಾರಾಯ, ಹಾಕು."

ಮಧ್ಯಾಹ್ನ ಎರಡು ಸಲ ಕರೆಂಟ್ ಹೋಯಿತು. ಯಂತ್ರ ತನ್ನ ಕೆಲಸ ತಾನು ಮಾಡಿಕೊಂಡಿತು. ನಾನು ಕುರ್ಚಿಯಿಂದ ಏಳಲೇ ಇಲ್ಲ.

ಸಂಜೆ ನೋಡಿದರೆ ಅವಳ ಉತ್ತರ ಬಂದಿತ್ತು, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ. "ಎರಡು ಸಲ ಹೋಯ್ತಲ್ಲ ಮಾರಾಯ್ತಿ, ಯಾವ ಪದ್ಯ ಓದಿದೆ?"

ಯಾವುದನ್ನೂ ಓದಲಿಲ್ಲ ಎಂದು ಬರೆಯಲು ಕೈ ಬರಲಿಲ್ಲ. ನಾವು ಓದುತ್ತಿದ್ದ ಪುಸ್ತಕವನ್ನು ಈಗಷ್ಟೇ ಹುಡುಕಿ ಚೀಲಕ್ಕೆ ಹಾಕಿದೆ. ನಾಳೆ ಕರೆಂಟ್ ಹೋಗಲಿ.